‘ಇದು ಓಡುತ್ತಾ?’ ಅನ್ನುವವರಿಗೆ

ಓಡುತ್ತೆ. ನನ್ನ ಹಳೇ ಕಾರನ್ನು ಬೆಳಿಗ್ಗೆ ಪ್ರದರ್ಶನದ ಗ್ರೌಂಡಿಗೆ ಓಡಿಸಿಕೊಂಡೇ ಬಂದಿರುತ್ತೇನೆ, ಸಂಜೆ ಓಡಿಸಿಕೊಂಡೇ ವಾಪಸ್ ಹೋಗುತ್ತೇನೆ. ಲಾರಿ ಮೇಲೆ ಹೇರಿಕೊಂಡು ತರುವುದಿಲ್ಲ, ನಾಲ್ಕು ಜನರ ಕೈಲಿ ತಳ್ಳಿಸಿಕೊಂಡೂ ಬರುವುದಿಲ್ಲ.

ನಮ್ಮ ಹಳೇ ಕಾರುಗಳ ಸಂಘ ಬೆಂಗಳೂರಿನಲ್ಲಿ ಎಲ್ಲೇ ಪ್ರದರ್ಶನಕ್ಕೆ ಸಾಲು ನಿಲ್ಲಿಸಲಿ, ನನ್ನ 1967ರ ಫಿಯಟ್ 1100 ಡಿಲೈಟ್ ಮುಂದೆ ಬಂದವರ ಬಾಯಲ್ಲಿ ಮೊದಲು ಬರುವ ಮಾತು ಇದೇ. “ಇದು ಓಡುತ್ತಾ, ಇಲ್ಲಾ ಸುಮ್ನೆ ಶೋಗಾ?” ಕೇಳುವಾಗ ಬೆರಳ ಗೆಣ್ಣಿನಿಂದ ಬಾನೆಟ್ಟಿಗೆ ಟಕ್ ಟಕ್ ಅಂತ ಬಡಿಯುತ್ತಾರೆ, ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುವ ಹಾಗೆ. ದಯವಿಟ್ಟು ಬಡಿಯಬೇಡಿ. ಎಷ್ಟೋ ಜನ ನನ್ನನ್ನು ಕೇಳುವುದೂ ಇಲ್ಲ, ಪಕ್ಕದಲ್ಲಿ ನಿಂತ ಯಾವುದೋ ಗಂಡಸಿನ ಕಡೆ ತಿರುಗಿಬಿಡುತ್ತಾರೆ. ಕೀಲಿ ನನ್ನ ಕೈಯಲ್ಲಿದೆ ಸ್ವಾಮಿ, ಗಾಡಿ ನನ್ನದು, ಓಡಿಸುವವಳೂ ನಾನೇ.

ಉಳಿದ ಪ್ರಶ್ನೆಗಳಿಗೂ ಇಲ್ಲೇ ಉತ್ತರ ಹೇಳಿ ಮುಗಿಸುತ್ತೇನೆ. ಮೈಲೇಜು ಲೀಟರಿಗೆ ಹತ್ತು, ಹನ್ನೊಂದು. ಎ.ಸಿ. ಇಲ್ಲ, ಬಾಗಿಲಿನ ಚಿಕ್ಕ ತ್ರಿಕೋನದ ಗ್ಲಾಸು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಬರುತ್ತದೆ. ಇದು ಪದ್ಮಿನಿ ಅಲ್ಲ, ಅದಕ್ಕಿಂತ ಹಿಂದಿನದು. ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆ 1964ರಲ್ಲಿ ಡಿಲೈಟ್ ಶುರು ಮಾಡಿತು. ಅದೇ ಗಾಡಿ ಮುಂದೆ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ ಆಯಿತು. ಪೆಟ್ರೋಲ್ ಎಂಜಿನ್ ಕೊನೇವರೆಗೂ ಅದೇ 1089 ಸಿಸಿ. ನಂಬರ್ ಪ್ಲೇಟಿನಲ್ಲಿ ‘ಎಂವೈ’ ಇರುವುದು ಯಾಕೆಂದರೆ 1973ರ ನವೆಂಬರ್‌ವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು. ಮಾರುವುದಿಲ್ಲ.

ಓಡುತ್ತಾ ಅನ್ನುವ ಪ್ರಶ್ನೆ ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ಓಡಿಸುವುದೇ ಇಲ್ಲಿರುವ ಅಷ್ಟೂ ಕಷ್ಟ. ಧರ್ಮಸ್ಥಳದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯದಲ್ಲಿ ಹಳೇ ಕಾರುಗಳನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾರೆ, ಹೋಗಿ ನೋಡಿ. ಆದರೆ ಮನೆಯ ಶೀಟಿನ ಕೆಳಗೆ ಇರುವ ಗಾಡಿ ನಿಂತಷ್ಟೂ ಕೆಡುತ್ತದೆ. ಅದರಲ್ಲೂ ಈಗಿನ ಪೆಟ್ರೋಲಿನಲ್ಲಿ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬಿಡುಗಡೆ ಆಯಿತಲ್ಲ, ಆ ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಟ್ಯಾಂಕ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಅರವತ್ತರ ದಶಕದ ರಬ್ಬರು ಅದಕ್ಕೆಂದು ಮಾಡಿದ್ದೇ ಅಲ್ಲ. ಹೋದ ಮಳೆಗಾಲದಲ್ಲಿ ಬಿಚ್ಚಿದ ಪೆಟ್ರೋಲ್ ಪೈಪನ್ನು ಉಗುರಲ್ಲಿ ಒತ್ತಿದರೆ ಕರೀ ಅಂಟು ಬೆರಳಿಗೆ ಹತ್ತಿತು. ಪೆಟ್ರೋಲ್ ಪಂಪಿನೊಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಾಂ, ಊದಿಕೊಂಡು ಅಂಚು ಸುರುಳಿ ಸುತ್ತಿಕೊಂಡಿತ್ತು.

ಅದನ್ನು ಬಿಚ್ಚಿ ನನ್ನ ಕೈಗಿಟ್ಟು ತೋರಿಸಿದವರು ನಮ್ಮ ಮೆಕ್ಯಾನಿಕ್ ಭಾಯ್. ಜೆ.ಸಿ. ರಸ್ತೆಯಲ್ಲಿ ಸಾಮಾನು ಸಿಕ್ಕರೆ ಸರಿ, ಸಿಗದಿದ್ದರೆ ಲ್ಯಾಥಿನವನ ಪಕ್ಕ ಕೂತು ಬುಷ್ ಕಡೆಸಿ ತರುತ್ತಾರೆ. ಓಡುತ್ತಾ ಅಂತ ಕೇಳುವ ಬದಲು “ಇದನ್ನು ಓಡೋ ಹಾಗೆ ಇಟ್ಟಿರೋದು ಯಾರು?” ಅಂತ ಒಬ್ಬರಾದರೂ ಕೇಳಬಾರದೇ ಅಂತ ನನಗೆ ಅನ್ನಿಸಿದ್ದು ಒಂದು ಪ್ರದರ್ಶನದ ದಿನ.

ಅವತ್ತು ಬೆಳಕು ಹರಿಯುವ ಮುಂಚೆಯೇ ಭಾಯ್ ನನ್ನ ಮನೆಗೆ ಬಂದು, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಸೆಟ್ ಮಾಡಿ, ಕಾರ್ಬುರೇಟರ್ ಟ್ಯೂನ್ ಮಾಡಿ, ನನ್ನ ಜೊತೆ ಅದೇ ಗಾಡಿಯಲ್ಲಿ ಕೂತು ಬಂದಿದ್ದರು. ಗೇಟಿನಲ್ಲಿ ತಡೆದರು. ಓನರ್‌ಗೆ ಪಾಸು, ಮನೆಯವರಿಗೆ ಪಾಸು, ಮೆಕ್ಯಾನಿಕ್‌ಗೆ ಇಲ್ಲ. ನಾನು ಜಗಳಕ್ಕೆ ನಿಂತೆ. ಹಿಂದೆ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. “ಬಿಡಿ ಮೇಡಂ, ನಾನು ಇಲ್ಲೇ ಟೀ ಕುಡ್ಕೊಂಡು ಇರ್ತೀನಿ” ಅಂದು ಟೂಲ್ಸ್ ಚೀಲ ಹಿಡಿದು ಇಳಿದರು.

ಹನ್ನೊಂದಕ್ಕೆ ಪರೇಡು. ಸಾಲಿನಲ್ಲಿ ಮೊದಲು ಹೋಗಬೇಕಾಗಿದ್ದ ಡಾಡ್ಜ್ ಕಿಂಗ್ಸ್‌ವೇ ಸ್ಟಾರ್ಟೇ ಆಗಲಿಲ್ಲ. ಮುಖ್ಯ ಅತಿಥಿಗಳು ವೇದಿಕೆಯ ಮೇಲೆ ಕೂತಾಗಿದೆ, ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸೊರಗುತ್ತಿದೆ. ಆಗ ಬೇಕಾದರು ಭಾಯ್. ಪಾಸು ಇಲ್ಲ ಅಂದವರೇ ಗೇಟಿನಾಚೆ ಓಡಿ ಕರೆತಂದರು.

ಭಾಯ್ ಏನೂ ಮಾತಾಡಲಿಲ್ಲ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್, ಮೆಕ್ಯಾನಿಕ್‌ಗಳ ಬಾಯಲ್ಲಿ ಡೆಲ್ಕೋ, ಅದರ ಎರಡು ಕ್ಲಿಪ್ ಎಬ್ಬಿಸಿ ಮುಚ್ಚಳ ತೆಗೆದರು, ಒಳಗಿನ ಕರಿಯನ್ನು ಅಂಗಿಯ ತುದಿಯಿಂದ ಒರೆಸಿದರು. ಎಂಜಿನನ್ನು ಒಂದಿಷ್ಟು ತಿರುಗಿಸಿ ಪಾಯಿಂಟ್ ಬಿಡುವುದನ್ನು ಬಗ್ಗಿ ನೋಡಿದರು. ಜೇಬಿನಿಂದ ಕಂಡೆನ್ಸರ್ ತೆಗೆದು ಬದಲಾಯಿಸಿದರು, ಪಾಯಿಂಟಿಗೆ ನುಣ್ಣನೆ ಎಮರಿ ಪೇಪರ್ ಆಡಿಸಿದರು. ಸಂದಿ ಅಳೆಯುವ ಫೀಲರ್ ಗೇಜ್ ಚೀಲದಲ್ಲಿ ಎಲ್ಲೋ ತಳದಲ್ಲಿತ್ತು, ಹುಡುಕಲು ಪುರಸೊತ್ತಿಲ್ಲ. ಯಾರದೋ ವಿಸಿಟಿಂಗ್ ಕಾರ್ಡ್ ಇಸಿದುಕೊಂಡು ಅದರ ಅಂಚನ್ನು ಸಂದಿಗೆ ತೂರಿಸಿ ಗ್ಯಾಪ್ ಇಟ್ಟರು. ಹೆಚ್ಚುಕಮ್ಮಿ ಅರ್ಧ ಮಿಲಿಮೀಟರಿನ ಸಂದಿ ಅದು. “ಹೊಡೀರಿ ಸಾರ್” ಅಂದರು. ಆರು ಸಿಲಿಂಡರೂ ಒಂದೇ ಸಲಕ್ಕೆ ಹಿಡಿದುಕೊಂಡವು.

ಡಾಡ್ಜ್ ವೇದಿಕೆಯ ಮುಂದೆ ಹೋಯಿತು, ಚಪ್ಪಾಳೆ ಬಿತ್ತು, ಓನರ್‌ಗೆ ಶೀಲ್ಡ್ ಕೊಟ್ಟರು. ಫೋಟೋ ತೆಗೆಯುವಾಗ ಭಾಯ್‌ಗೆ “ನೀವು ಸ್ವಲ್ಪ ಆ ಕಡೆ” ಅಂದರು. ಆ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆ ಅಂತಲೇ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಹೊಸ ನೋಂದಣಿಗೆ 20,000 ರೂಪಾಯಿ. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಯಂಥ ಕೆಲಸಕ್ಕೆ ಬಿಟ್ಟು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ಗಾಡಿಯನ್ನು ಉಳಿಸಲು ಇಷ್ಟಾದರೂ ಆಯಿತು, ಸಂತೋಷ. ಗಾಡಿ ಬಲ್ಲ ಕೈಯನ್ನು ಉಳಿಸಲು ಏನಿದೆ? ಭಾಯ್ ಶೆಡ್ಡಿಗೆ ಕೆಲಸಕ್ಕೆ ಬರುವ ಹುಡುಗರು ಸ್ಕ್ಯಾನರ್ ಹಾಕಿ ನೋಡುವುದನ್ನು ಕಲಿತು ದೊಡ್ಡ ಸರ್ವಿಸ್ ಸೆಂಟರಿಗೆ ಹೋಗುತ್ತಾರೆ. ಹೊಟ್ಟೆಪಾಡು, ಅವರನ್ನು ದೂರುವ ಹಾಗಿಲ್ಲ. ಪಾಯಿಂಟ್ ಇಡುವುದನ್ನು ಕಲಿತರೆ ತಿಂಗಳಿಗೆ ಎಷ್ಟು ಗಾಡಿ ಬರುತ್ತವೆ? ಆದರೆ ಲಕ್ಷಗಟ್ಟಲೆ ಕೊಟ್ಟು ಬಣ್ಣ ಹೊಡೆಸುವ ನಾವು ಓನರ್‌ಗಳು ಸೇರಿ ಒಬ್ಬ ಹುಡುಗನಿಗೆ ಸಂಬಳ ಕೊಟ್ಟು ಭಾಯ್ ಹತ್ತಿರ ಕಲಿಯಲು ಬಿಡಬಹುದು. ಸಂಘದ ಸಭೆಯಲ್ಲಿ ಇದನ್ನು ಹೇಳಿದ್ದೇನೆ, ಮುಂದಿನ ಸಭೆಯಲ್ಲೂ ಹೇಳುತ್ತೇನೆ.

ಅಲ್ಲಿಯವರೆಗೆ ನನ್ನ ಕೈಯಲ್ಲಾದದ್ದನ್ನು ಮಾಡಿದ್ದೇನೆ. ಗಾಡಿ ಮುಂದೆ ಇಡುವ ಬೋರ್ಡಿನಲ್ಲಿ ಮಾಡೆಲ್, ವರ್ಷ, ಸಿಸಿ ಆದಮೇಲೆ ನನ್ನ ಹೆಸರಿಗಿಂತ ಮೇಲೆ ಅವರ ಹೆಸರು ಬರೆಸಿದ್ದೇನೆ. ಯಾರೇ ಪ್ರದರ್ಶನಕ್ಕೆ ಕರೆದರೂ ಮೊದಲು ಅವರ ಪಾಸು ಕೇಳುತ್ತೇನೆ. ಪಾಸು ಇಲ್ಲದಿದ್ದರೆ ಗಾಡಿ ಬರುವುದಿಲ್ಲ.

ಹಾಗಾಗಿ ಈ ಸಲ ಪ್ರದರ್ಶನಕ್ಕೆ ಬಂದರೆ ಬಾನೆಟ್ ಬಡಿಯಬೇಡಿ, ಅದು ತೆರೆದೇ ಇರುತ್ತದೆ. ಪಕ್ಕದಲ್ಲಿ ಭಾಯ್ ಇರುತ್ತಾರೆ. ಡೆಲ್ಕೋ ಮುಚ್ಚಳ ತೆಗೆದು ತೋರಿಸಿ ಅನ್ನಿ, ತೋರಿಸುತ್ತಾರೆ. ಜೊತೆಗೆ ಮೆಕ್ಯಾನಿಕ್ ಕೆಲಸ ಕಲಿಯುವ ಆಸೆಯಿರುವ ಹುಡುಗನೋ ಹುಡುಗಿಯೋ ಇದ್ದರೆ ಕರೆದುಕೊಂಡು ಬನ್ನಿ. ಹನ್ನೊಂದಕ್ಕೆ ಮುಂಚೆ ಬನ್ನಿ, ಪರೇಡು ಶುರುವಾದರೆ ಅವರಿಗೆ ಪುರಸೊತ್ತಿರುವುದಿಲ್ಲ.