ಹೆಲ್ಪ್‌ಡೆಸ್ಕ್‌ನಿಂದ ಸರ್ವರ್ ಟೀಮ್‌ಗೆ ಹೋಗಲು ಯಾವ ಸರ್ಟಿಫಿಕೇಷನ್ ಮಾಡಬೇಕು?

“ಸರ್, ಹೆಲ್ಪ್‌ಡೆಸ್ಕ್‌ನಲ್ಲಿ ಎರಡು ವರ್ಷ ಆಯ್ತು. ಪಾಸ್‌ವರ್ಡ್ ರಿಸೆಟ್, ಔಟ್‌ಲುಕ್, ಪ್ರಿಂಟರ್, ಇಷ್ಟೇ. ಸರ್ವರ್ ಸಪೋರ್ಟ್‌ಗೆ ಹೋಗ್ಬೇಕು. ಯಾವ ಸರ್ಟಿಫಿಕೇಷನ್ ಮಾಡ್ಲಿ?”

ಬೆಂಗಳೂರಿನಲ್ಲಿ ಸರ್ವರ್ ಕೆಲಸ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರಲ್ಲಿ ಹೆಚ್ಚಿನವರು ಬಿಸಿಎ, ಬಿಎಸ್ಸಿ, ಡಿಪ್ಲೊಮಾ ಮುಗಿಸಿ ಹಾಸನ, ದಾವಣಗೆರೆ, ಕಲಬುರಗಿ ಕಡೆಯಿಂದ ಬಂದವರು. ಪಿಜಿಯಲ್ಲಿದ್ದುಕೊಂಡು ನೈಟ್ ಶಿಫ್ಟ್ ಮಾಡುತ್ತ, ಮನೆಗೂ ದುಡ್ಡು ಕಳಿಸುವವರು. ಪರೀಕ್ಷೆಯ ಶುಲ್ಕ ಅವರಿಗೆ ಸಣ್ಣ ಮೊತ್ತವಲ್ಲ. ಹತ್ತು ಸರ್ಟಿಫಿಕೇಷನ್‌ಗಳ ಹೆಸರು ಹೇಳಿ ಕಳಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಉತ್ತರ ಇಷ್ಟು: ಸದ್ಯಕ್ಕೆ ಒಂದೇ ಮಾಡಿ, ಮತ್ತು ಅದು ಯಾವುದೆಂದು ನೀವು ಎಸ್ಕಲೇಟ್ ಮಾಡಿದ, ಅಂದರೆ ನಿಮ್ಮಿಂದ ಬಗೆಹರಿಯದೆ ಮೇಲಿನ ಟೀಮ್‌ಗೆ ಕಳಿಸಿದ ಟಿಕೆಟ್‌ಗಳನ್ನು (ದೂರುಗಳನ್ನು) ನೋಡಿ ನಿರ್ಧರಿಸಿ. ಕಳೆದ ಮೂರು ತಿಂಗಳಲ್ಲಿ ನಿಮ್ಮ ಕೈಯಿಂದ ಎಲ್‌2ಗೆ (ಎರಡನೇ ಹಂತದ ಸಪೋರ್ಟ್‌ಗೆ) ಹೋದ ಟಿಕೆಟ್‌ಗಳನ್ನು ತೆಗೆದು, ಒಂದೊಂದರ ಕ್ಲೋಷರ್ ನೋಟ್ಸ್, ಅಂದರೆ ಹೇಗೆ ಸರಿಮಾಡಿದೆವು ಎಂದು ಅವರು ಬರೆದದ್ದನ್ನು ಓದಿ. ಆ್ಯಕ್ಟಿವ್ ಡೈರೆಕ್ಟರಿ (ಕಂಪನಿಯ ಅಕೌಂಟ್‌ಗಳ ಪಟ್ಟಿ), ಡಿಎನ್‌ಎಸ್ (ಹೆಸರು ಕೊಟ್ಟರೆ ಮಷಿನ್‌ನ ವಿಳಾಸ ಹೇಳುವ ವ್ಯವಸ್ಥೆ), ಗ್ರೂಪ್ ಪಾಲಿಸಿ (ಎಲ್ಲ ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಹಾಕುವ ಸೆಟ್ಟಿಂಗ್), ಫೈಲ್ ಸರ್ವರ್ ಪರ್ಮಿಷನ್‌ಗಳೇ ಹೆಚ್ಚಿದ್ದರೆ ನಿಮ್ಮ ದಾರಿ ವಿಂಡೋಸ್. ಅಪ್ಲಿಕೇಷನ್ ಡೌನ್, ಡಿಸ್ಕ್ ಫುಲ್, ಸರ್ವೀಸ್ ರೀಸ್ಟಾರ್ಟ್ ಅಂತ ಲಿನಕ್ಸ್ ಟೀಮ್‌ಗೆ ಹೋಗುತ್ತಿದ್ದರೆ ಲಿನಕ್ಸ್. ಹೊರಗಿನ ಕಂಪನಿ ಹೊಸಬರನ್ನು ನೇರವಾಗಿ ಸರ್ವರ್ ಟೀಮ್‌ಗೆ ತೆಗೆದುಕೊಳ್ಳುವುದಕ್ಕಿಂತ, ನಿಮ್ಮನ್ನು ಬಲ್ಲ ನಿಮ್ಮದೇ ಕಂಪನಿಯ ಸರ್ವರ್ ಲೀಡ್ ಒಳಗೆ ಕರೆದುಕೊಳ್ಳುವ ಸಾಧ್ಯತೆ ಹೆಚ್ಚು.

ಕ್ಲೋಷರ್ ನೋಟ್ಸ್ ಓದಿ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಬ್ಬರ ಅಕೌಂಟ್ ದಿನಕ್ಕೆ ನಾಲ್ಕು ಸಲ ಲಾಕ್ ಆಗುತ್ತದೆ ಅಂದುಕೊಳ್ಳಿ. ಹೆಲ್ಪ್‌ಡೆಸ್ಕ್ ಪ್ರತಿ ಸಲ ಅನ್‌ಲಾಕ್ ಮಾಡಿ ಟಿಕೆಟ್ ಮುಚ್ಚುತ್ತದೆ. ಸರ್ವರ್ ಟೀಮ್‌ನವರು ಡೊಮೇನ್ ಕಂಟ್ರೋಲರ್‌ನ (ಕಂಪನಿಯ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್‌ನ) ಸೆಕ್ಯುರಿಟಿ ಲಾಗ್‌ನಲ್ಲಿ 4740 ಎಂಬ ಈವೆಂಟ್ ಹುಡುಕುತ್ತಾರೆ. ಲಾಕ್‌ಗೆ ಕಾರಣವಾದ ಮಷಿನ್‌ನ ಹೆಸರು ಅದರಲ್ಲಿ ಸಿಗುತ್ತದೆ. ಆ ಮಷಿನ್‌ಗೆ ಹೋಗಿ ನೋಡಿದರೆ ಯಾವುದೋ ಶೆಡ್ಯೂಲ್ಡ್ ಟಾಸ್ಕ್‌ನಲ್ಲಿ, ಮ್ಯಾಪ್ ಮಾಡಿದ ಡ್ರೈವ್‌ನಲ್ಲಿ ಅಥವಾ ಲಾಗ್‌ಆಫ್ ಆಗದೆ ಉಳಿದ ಸೆಷನ್‌ನಲ್ಲಿ ಹಳೇ ಪಾಸ್‌ವರ್ಡ್ ಕೂತಿರುತ್ತದೆ. ಹೀಗೆ ಒಂದು ಹೆಜ್ಜೆ ಒಳಗೆ ಹೋಗಿ ನೋಡುವುದನ್ನು ಕಲಿಸುವ ಪರೀಕ್ಷೆಯೇ ನಿಮಗೆ ಬೇಕಾದದ್ದು.

ವಿಂಡೋಸ್ ದಾರಿಯಲ್ಲಿ ಮೊದಲು ಒಂದು ಗೊಂದಲ ತೀರಿಸಿಬಿಡೋಣ. ವಿಂಡೋಸ್ ಸರ್ವರ್ ಕಲಿಯುವವರು ಹಿಂದೆ ಮಾಡುತ್ತಿದ್ದ ಎಂಸಿಎಸ್‌ಎ ಸರ್ಟಿಫಿಕೇಷನ್ ಈಗ ಇಲ್ಲ. ಮೈಕ್ರೋಸಾಫ್ಟ್ ಅದನ್ನು 2021ರ ಜನವರಿ 31ಕ್ಕೆ ನಿಲ್ಲಿಸಿತು. ಎಂಸಿಎಸ್‌ಎ ಹೆಸರಿನಲ್ಲಿ ಯಾರಾದರೂ ಕೋರ್ಸ್ ಮಾರಿದರೆ ಅಲ್ಲಿ ಕಲಿಸುವ ವಿಷಯ ಉಪಯೋಗಕ್ಕೆ ಬರಬಹುದು, ಆದರೆ ಆ ಸರ್ಟಿಫಿಕೇಟ್ ನಿಮಗೆ ಸಿಗುವುದಿಲ್ಲ. ಅದರ ನಂತರ ವಿಂಡೋಸ್ ಸರ್ವರ್‌ಗೆಂದು ಬಂದದ್ದು ಎಝಡ್-800 ಮತ್ತು ಎಝಡ್-801 ಎಂಬ ಎರಡು ಪರೀಕ್ಷೆಗಳು. ಎರಡೂ ಪಾಸಾದರೆ ವಿಂಡೋಸ್ ಸರ್ವರ್ ಹೈಬ್ರಿಡ್ ಅಡ್ಮಿನಿಸ್ಟ್ರೇಟರ್ ಅಸೋಸಿಯೇಟ್ ಎಂಬ ಸರ್ಟಿಫಿಕೇಟ್ ಎಂದು ಆಗ ನಿಗದಿಪಡಿಸಿದ್ದರು. ಮೊದಲನೆಯದರ ಸಿಲಬಸ್‌ನಲ್ಲಿ ಆ್ಯಕ್ಟಿವ್ ಡೈರೆಕ್ಟರಿ, ಡಿಎನ್‌ಎಸ್, ಹೈಪರ್-ವಿ (ಒಂದೇ ಮಷಿನ್‌ನಲ್ಲಿ ಹಲವು ವರ್ಚುವಲ್ ಮಷಿನ್ ಓಡಿಸುವ ಸಾಫ್ಟ್‌ವೇರ್), ಸ್ಟೋರೇಜ್ ಎಲ್ಲ ಇವೆ. ಹೆಲ್ಪ್‌ಡೆಸ್ಕ್‌ನಲ್ಲಿ ಕೂತವರಿಗೆ ಅರ್ಧ ಪರಿಚಯ ಆಗಲೇ ಇರುತ್ತದೆ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಆ್ಯಝೂರ್‌ನ ಎಝಡ್-104 ಪರೀಕ್ಷೆ ಒಳ್ಳೆಯದೇ, ಜಾಹೀರಾತುಗಳಲ್ಲೂ ಹೆಚ್ಚು ಕಾಣುತ್ತದೆ. ಆದರೆ ಡಿಎನ್‌ಎಸ್ ಗೊತ್ತಿಲ್ಲದೆ ಆ್ಯಝೂರ್ ಕಲಿತವರು ಮೊದಲ ಔಟೇಜ್‌ನಲ್ಲೇ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಸರ್ಟಿಫಿಕೇಟ್‌ಗಳ ಅವಧಿ ಒಂದು ವರ್ಷ. ಮುಗಿಯುವ ಮುಂಚಿನ ಆರು ತಿಂಗಳಲ್ಲಿ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಿಕೊಳ್ಳಬಹುದು. ಮರೆತರೆ ಮತ್ತೆ ಪೂರ್ತಿ ಶುಲ್ಕ.

ಲಿನಕ್ಸ್ ಆದರೆ ನಾನು ಯೋಚಿಸದೆ ಹೇಳುವುದು ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು ಇಲ್ಲಿಲ್ಲ. ಮೂರು ಗಂಟೆ, ಮುಂದೆ ನಿಜವಾದ ಸಿಸ್ಟಂ, ಕೈಯಲ್ಲಿ ಟಾಸ್ಕ್‌ಗಳು. 300ಕ್ಕೆ 210 ಬರಬೇಕು. ಇಂಟರ್ನೆಟ್ ಇಲ್ಲ, ಸಿಸ್ಟಂನಲ್ಲೇ ಇರುವ ಮ್ಯಾನ್ ಪೇಜ್ (ಕಮಾಂಡ್‌ಗಳ ಕೈಪಿಡಿ) ಓದಿಕೊಂಡೇ ಮಾಡಬೇಕು. ಇಲ್ಲಿ ಒಂದು ನಿಯಮ ನನಗೆ ಬಹಳ ಇಷ್ಟ: ನೀವು ಮಾಡಿದ ಬದಲಾವಣೆ ರೀಬೂಟ್ ಆದ ಮೇಲೂ ಉಳಿದಿರಬೇಕು. ಡಿಸ್ಕ್ ಮೌಂಟ್ ಮಾಡಿ (ಸಿಸ್ಟಂಗೆ ಜೋಡಿಸಿ), ಆನ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಒಂದು ಅಕ್ಷರ ತಪ್ಪು ಬರೆದಿರೋ, ಆ ಕ್ಷಣಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ರೀಬೂಟ್ ಆದಾಗ ಸಿಸ್ಟಂ ಎಮರ್ಜೆನ್ಸಿ ಮೋಡ್‌ನಲ್ಲಿ ಹೋಗಿ ನಿಲ್ಲುತ್ತದೆ. ಪ್ರೊಡಕ್ಷನ್ ಸರ್ವರ್‌ನಲ್ಲೂ ಇದೇ ನಡೆಯುವುದು, ಅದೂ ಪ್ಯಾಚಿಂಗ್ ಮಾಡಿದ (ಅಪ್‌ಡೇಟ್ ಹಾಕಿದ) ರಾತ್ರಿ. ಈ ಪರೀಕ್ಷೆ ಪಾಸಾದವರನ್ನು ಕಂಡರೆ ಇಂಟರ್‌ವ್ಯೂ ಮಾಡುವವರಿಗೆ ಒಂದು ಗೌರವ ಇರುತ್ತದೆ. ಅವಧಿ ಮೂರು ವರ್ಷ.

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಹೆಲ್ಪ್‌ಡೆಸ್ಕ್‌ಗೆ ಸೇರುವವರಿಗೆ, ಈಗಾಗಲೇ ಅಲ್ಲಿರುವ ನಿಮಗೆ ಬೇಡ. ಅವರದೇ ಸರ್ವರ್ ಪ್ಲಸ್‌ಗೆ ಎಕ್ಸ್‌ಪೈರಿ ಇಲ್ಲ, ವಿಷಯವೂ ಚೆನ್ನಾಗಿದೆ, ಆದರೆ ಬೆಂಗಳೂರಿನ ಜಾಹೀರಾತುಗಳಲ್ಲಿ ಅದನ್ನು ಕೇಳುವವರು ಅಪರೂಪ. ಮೈಕ್ರೋಸಾಫ್ಟ್‌ನ ಎಝಡ್-900ನಂಥ ಫಂಡಮೆಂಟಲ್ಸ್ (ಆರಂಭಿಕ ಮಟ್ಟದ ಪರೀಕ್ಷೆ) ಮೂರು ಮಾಡುವ ದುಡ್ಡಿನಲ್ಲಿ ಒಂದು ಅಸೋಸಿಯೇಟ್ ಪರೀಕ್ಷೆ ಬರೆಯಿರಿ. ಸಿಸ್ಕೋದ ನೆಟ್‌ವರ್ಕ್ ಪರೀಕ್ಷೆಯಾದ ಸಿಸಿಎನ್‌ಎ ಪುಸ್ತಕ ಓದಿ, ಸಬ್‌ನೆಟ್ಟಿಂಗ್ (ನೆಟ್‌ವರ್ಕ್ ವಿಳಾಸಗಳನ್ನು ಭಾಗ ಮಾಡುವುದು) ಕಲಿಯಿರಿ, ನೆಟ್‌ವರ್ಕ್‌ಗೇ ಹೋಗುವ ಆಸೆ ಇಲ್ಲದಿದ್ದರೆ ಪರೀಕ್ಷೆ ಬರೆಯಬೇಕಿಲ್ಲ. ಐಟಿ ಸೇವೆ ನಿರ್ವಹಣೆಯ ವಿಧಾನಗಳನ್ನು ಕಲಿಸುವ ಐಟಿಐಎಲ್ ಅನ್ನು ಕಂಪನಿ ದುಡ್ಡು ಕೊಟ್ಟರೆ ಮಾಡಿ.

ಇನ್ನು ಲ್ಯಾಬ್. ಇದಿಲ್ಲದೆ ಮೇಲಿನದ್ದೆಲ್ಲ ವ್ಯರ್ಥ. ಎಸ್.ಪಿ. ರೋಡ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡು ರ‍್ಯಾಮ್ 16 ಜಿಬಿಗೆ ಏರಿಸಿ, ಎಸ್‌ಎಸ್‌ಡಿ ಹಾಕಿಸಿ. ವಿಂಡೋಸ್ ಸರ್ವರ್‌ನ ಇವ್ಯಾಲ್ಯುಯೇಷನ್ ಕಾಪಿ 180 ದಿನ ಉಚಿತ. ರೆಡ್ ಹ್ಯಾಟ್‌ನವರು ಒಬ್ಬ ವ್ಯಕ್ತಿಗೆ 16 ಸಿಸ್ಟಂಗಳವರೆಗೆ ಡೆವಲಪರ್ ಸಬ್‌ಸ್ಕ್ರಿಪ್ಷನ್ ಉಚಿತವಾಗಿ ಕೊಡುತ್ತಾರೆ. ರೆಡ್ ಹ್ಯಾಟ್‌ನಂತೆಯೇ ಇರುವ ಉಚಿತ ಅಲ್ಮಾ ಅಥವಾ ರಾಕಿ ಲಿನಕ್ಸ್‌ನಲ್ಲೂ ಅಭ್ಯಾಸ ಆಗುತ್ತದೆ. ವರ್ಚುವಲ್ ಮಷಿನ್ (ವಿಎಂ) ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಡೊಮೇನ್ ಕಂಟ್ರೋಲರ್, ಅದಕ್ಕೆ ಸೇರುವ ಒಂದು ಕ್ಲೈಂಟ್ ಕಂಪ್ಯೂಟರ್ ಕಟ್ಟಿ. ಆಮೇಲೆ ಬೇಕಂತಲೇ ಕೆಡಿಸಿ. ಕ್ಲೈಂಟ್‌ನ ಡಿಎನ್‌ಎಸ್ ವಿಳಾಸಕ್ಕೆ 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್) ಕೊಟ್ಟು ಡೊಮೇನ್‌ಗೆ ಸೇರಿಸಲು ಪ್ರಯತ್ನಿಸಿ. ಇಂಟರ್ನೆಟ್ ಚೆನ್ನಾಗಿ ಓಡುತ್ತಿರುತ್ತದೆ, ಡೊಮೇನ್ ಮಾತ್ರ ಸಿಗುವುದಿಲ್ಲ. ಯಾಕೆಂದರೆ ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂದು ತಿಳಿಸುವ ಎಸ್‌ಆರ್‌ವಿ ರೆಕಾರ್ಡ್ ನಿಮ್ಮ ಒಳಗಿನ ಡಿಎನ್‌ಎಸ್‌ನಲ್ಲಷ್ಟೇ ಇರುತ್ತದೆ. ಒಮ್ಮೆ ಇದನ್ನು ಕೈಯಾರೆ ಕೆಡಿಸಿ ಸರಿಮಾಡಿದವರಿಗೆ, “ಡೊಮೇನ್ ಜಾಯಿನ್ ಆಗ್ತಿಲ್ಲ, ಏನು ನೋಡ್ತೀರಿ?” ಎಂಬ ಇಂಟರ್‌ವ್ಯೂ ಪ್ರಶ್ನೆಗೆ ಬಾಯಿಪಾಠ ಬೇಕಾಗುವುದಿಲ್ಲ. ಬ್ಯಾಕಪ್ ತೆಗೆದು, ವಿಎಂ ಅಳಿಸಿ, ರಿಸ್ಟೋರ್ ಕೂಡ ಮಾಡಿ ನೋಡಿ.

ಡಂಪ್ಸ್, ಅಂದರೆ ಪರೀಕ್ಷೆಯಿಂದ ಕದ್ದು ಮಾರುವ ಪ್ರಶ್ನೋತ್ತರಗಳನ್ನು ಕೊಳ್ಳಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗಬಹುದು, ಮುಂದೆ ಪರೀಕ್ಷೆಗೇ ಕೂರದಂತೆ ಮಾಡಬಹುದು. ಸಿಕ್ಕಿಬೀಳದಿದ್ದರೂ, ಒಂದು ಆಸ್ಪತ್ರೆಯದೋ ಬ್ಯಾಂಕಿನದೋ ಸರ್ವರ್ ನಿಮ್ಮ ಕೈಗೆ ಬರುತ್ತದೆ. ಅದರ ಇನ್ನೊಂದು ತುದಿಯಲ್ಲಿ ಜನ ಇರುತ್ತಾರೆ. ಹಾಗೆಯೇ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎಂದು ಹೇಳಿ ಇಎಂಐ ಮೇಲೆ ಕೋರ್ಸ್ ಕೊಡುವವರ ಹತ್ತಿರ ಸಹಿ ಹಾಕುವ ಮುನ್ನ ಮನೆಯವರ ಹತ್ತಿರ ಒಮ್ಮೆ ಕೂತು ಲೆಕ್ಕ ಮಾಡಿ.

ಓದುತ್ತಿರುವಾಗಲೇ ಮಾಡಬೇಕಾದ ಕೆಲಸ ಒಂದಿದೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬಿಡುಗಡೆ ಮಾಡುತ್ತದೆ. ಅದಾದ ಮೇಲೆ ಯಾವುದೋ ಒಂದು ವಾರಾಂತ್ಯದಲ್ಲಿ ನಿಮ್ಮ ಸರ್ವರ್ ಟೀಮ್‌ಗೆ ಪ್ಯಾಚಿಂಗ್ ವಿಂಡೋ ಇರುತ್ತದೆ. ಲೀಡ್ ಹತ್ತಿರ ಹೋಗಿ, “ಮೇಡಂ, ಈ ಸಲ ನಾನೂ ಜೊತೆಗೆ ಕೂರಲಾ? ಪ್ಯಾಚ್ ಆದ ಮೇಲೆ ಸರ್ವೀಸ್ ಚೆಕ್ ಮಾಡಿ ಕೊಡ್ತೀನಿ” ಅಂತ ಕೇಳಿ. ರಾತ್ರಿ ಎರಡು ಗಂಟೆಗೆ ಚೆಕ್‌ಲಿಸ್ಟ್ ಹಿಡಿದು ಕೂರುವವರು ಯಾವ ಟೀಮ್‌ನಲ್ಲೂ ಹೆಚ್ಚಿರುವುದಿಲ್ಲ. ನಿಮ್ಮ ಮ್ಯಾನೇಜರ್‌ಗೂ ಮೇಲ್ ಹಾಕಿ ತಿಳಿಸಿರಿ, ಇಲ್ಲದಿದ್ದರೆ ಕದ್ದು ಟೀಮ್ ಬದಲಿಸುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಅದೇ ಮೇಲ್‌ನಲ್ಲಿ ಪರೀಕ್ಷೆಯ ಶುಲ್ಕ ಕಂಪನಿ ಭರಿಸುತ್ತದೆಯೇ, ಭರಿಸಿದರೆ ಎಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂದೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಮತ್ತು ದುಡ್ಡು ಕಟ್ಟುವ ದಿನ ಆ ಪರೀಕ್ಷೆಯ ಅಧಿಕೃತ ಪುಟ ತೆರೆದು, ಅದನ್ನು ನಿಲ್ಲಿಸುವ ದಿನಾಂಕ ಏನಾದರೂ ಹಾಕಿದ್ದಾರೆಯೇ ನೋಡಿಕೊಂಡೇ ಬುಕ್ ಮಾಡಿ.