ಕೈ ಸುಡುವ ರಿಲೇ

ಮಾರ್ಚ್ 9, 2025, ಭಾನುವಾರ

ಕಾರಿಗೆ ಹೊಸ ರಿಲೇ (ಸಣ್ಣ ಕರೆಂಟಿನಿಂದ ಫ್ಯಾನಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿ ಇನ್ನೂ ಒಂದು ವಾರವಾಗಿಲ್ಲ, ಇದೂ ಬಿಸಿ. ರೇಡಿಯೇಟರ್ ಫ್ಯಾನ್ ನಾಲ್ಕೈದು ನಿಮಿಷ ತಿರುಗಿದರೆ ಸಾಕು, ರಿಲೇ ಮೇಲೆ ಬೆರಳು ಇಡಲು ಆಗುವುದಿಲ್ಲ. ಹಳೆಯದರ ಕಥೆಯೂ ಇದೇ ಆಗಿತ್ತು. ಎರಡು ರಿಲೇಗಳೂ ಒಂದೇ ಥರ ಕೆಟ್ಟಿರಲಿಕ್ಕಿಲ್ಲ ಅಲ್ವಾ? ಬೆಳಿಗ್ಗೆ ಮೀಟರ್ ಹಿಡಿದು ಬಾನೆಟ್ ಎತ್ತಿದೆ.

ರಿಲೇಯಲ್ಲಿ ಸ್ವಲ್ಪ ಬಿಸಿ ಇದ್ದೇ ಇರುತ್ತದೆ. ಅದರ ಕಾಲುಗಳಿಗೆ ನಂಬರ್ ಇರುತ್ತದೆ. 85 ಮತ್ತು 86ರ ನಡುವೆ, ಒಳಗಿನ ಸ್ವಿಚ್ಚನ್ನು ಎಳೆಯುವ ಕಾಯಿಲ್ ಅಳೆದೆ, 80 ಓಮ್. ಬ್ಯಾಟರಿ 12.4 ವೋಲ್ಟ್. ಲೆಕ್ಕ ಹಾಕಿದರೆ ಎರಡು ವ್ಯಾಟಿಗಿಂತ ಚೂರು ಕಡಿಮೆ. ಇಷ್ಟಕ್ಕೆ ಕೈ ಸುಡುತ್ತದಾ?

ನೋಡಿಯೇ ಬಿಡೋಣ ಎಂದು ಫ್ಯಾನಿನ ಫ್ಯೂಸ್ ಕಿತ್ತೆ. ನನ್ನ ಕಾರಿನಲ್ಲಿ ಕಾಯಿಲ್‌ಗೆ ಬೇರೆ ಫ್ಯೂಸ್ ಇದೆ. ಕೀ ತಿರುಗಿಸಿ, ರೇಡಿಯೇಟರಿನ ಸ್ವಿಚ್ಚಿಗೆ ಹೋಗುವ ಎರಡು ವೈರುಗಳನ್ನು ಸೇರಿಸಿದೆ. ರಿಲೇ ಟಕ್ ಎಂದಿತು, ಫ್ಯಾನ್ ಸುಮ್ಮನಿತ್ತು. ಹತ್ತು ನಿಮಿಷದ ನಂತರ ಮುಟ್ಟಿದರೆ ಜ್ವರ ಬಂದ ಹಣೆಯಷ್ಟು ಬಿಸಿ, ಅಷ್ಟೇ. ಅಂದರೆ ಕಾಯಿಲ್ ನಿರಪರಾಧಿ.

ಫ್ಯೂಸ್ ವಾಪಸ್ ಹಾಕಿದೆ. ಫ್ಯಾನ್ ತಿರುಗಿತು. ವೈರನ್ನು ಸುತ್ತಿ ಹಿಡಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರ್ 11 ಆಂಪಿಯರ್ ತೋರಿಸಿತು, ಮಾಮೂಲಿನಷ್ಟೇ. ಫ್ಯಾನ್ ಮೋಟರ್ ಬಿಗಿಯಾಗಿ ಜಾಸ್ತಿ ಎಳೆಯುತ್ತಿದೆಯೇನೋ ಎಂಬ ಅನುಮಾನವಿತ್ತು, ಅದೂ ಹೋಯಿತು. ನಾಲ್ಕು ನಿಮಿಷಕ್ಕೆ ಬಿಸಿ ಶುರು. ಈ ಸಲ ಗಮನಿಸಿದೆ: ರಿಲೇಯ ತಲೆಗಿಂತ ಬುಡದಲ್ಲಿ, ಸಾಕೆಟ್ ಹತ್ತಿರವೇ ಹೆಚ್ಚು.

ಇಂಥ ಕಡೆ ಓಮ್ ಅಳೆದು ಪ್ರಯೋಜನವಿಲ್ಲ. ನಾವು ಹುಡುಕುವುದು 0.06 ಓಮಿನಂಥ ಸಣ್ಣ ತಡೆ. ಮೀಟರಿನ ವೈರುಗಳದ್ದೇ ಅದಕ್ಕಿಂತ ಜಾಸ್ತಿ. ಕರೆಂಟು ಹರಿಯುತ್ತಿರುವಾಗಲೇ ವೋಲ್ಟ್ ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ಸಾಕೆಟ್ ಹಿಂದಿನಿಂದ 30ರ (ಕರೆಂಟು ಒಳಬರುವ) ವೈರಿಗೂ 87ರ (ಫ್ಯಾನಿಗೆ ಹೋಗುವ) ವೈರಿಗೂ ಮೀಟರಿನ ಕಡ್ಡಿ ತಾಗಿಸಿದೆ: 0.88 ವೋಲ್ಟ್! ರಿಲೇಯನ್ನು ಚೂರು ಮೇಲೆತ್ತಿ ಅದರ ಕಾಲುಗಳಿಗೇ ತಾಗಿಸಿದೆ: ಬರೀ 0.07. ರಿಲೇ ಒಳಗೆ ಒಂದಕ್ಕೊಂದು ತಾಗುವ ಲೋಹ, ಅಂದರೆ ಕಾಂಟ್ಯಾಕ್ಟ್, ಚೆನ್ನಾಗಿಯೇ ಇದೆ. 87ರ ಕಾಲಿಗೂ ಅದರ ವೈರಿಗೂ ನಡುವೆ 0.7. ಸಿಕ್ಕಿತು. 0.7ನ್ನು 11ರಿಂದ ಗುಣಿಸಿದರೆ ಏಳೂವರೆ ವ್ಯಾಟ್ ದಾಟುತ್ತದೆ. ಉಗುರಿನಷ್ಟು ಜಾಗದಲ್ಲಿ ಕಾಯಿಲ್‌ನ ನಾಲ್ಕರಷ್ಟು ಶಾಖ.

ಬ್ಯಾಟರಿ ವೈರ್ ಬಿಚ್ಚಿ, 87ರ ಕಾಲನ್ನು ಹಿಡಿಯುವ ಸಾಕೆಟ್ಟಿನ ಲೋಹದ ಕ್ಲಿಪ್ಪನ್ನು, ಅದರ ಲಾಕಿನ ನಾಲಗೆಯನ್ನು ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ಹೊರಗೆಳೆದೆ. ಹಿಡಿತವೇ ಇರಲಿಲ್ಲ. ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಸಡಿಲವಾದರೆ ಬಿಸಿ, ಬಿಸಿಯಾದರೆ ಸ್ಪ್ರಿಂಗ್ ಇನ್ನೂ ಸಡಿಲ, ಹೀಗೇ ವರ್ಷಗಟ್ಟಲೆ ನಡೆದಿರಬೇಕು. ಇಕ್ಕಳದಿಂದ ಅದನ್ನೇ ಬಿಗಿ ಮಾಡಬಹುದಿತ್ತು, ಆದರೆ ಒಮ್ಮೆ ಸುಟ್ಟ ಸ್ಪ್ರಿಂಗ್ ಮೇಲೆ ನನಗೆ ನಂಬಿಕೆಯಿಲ್ಲ. ವೈರಿನ ಕಪ್ಪಾದ ಭಾಗ ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಸುಲಿದು, ಹೊಸ ಕ್ಲಿಪ್ ಕ್ರಿಂಪ್ ಮಾಡಿದೆ, ಅಂದರೆ ವೈರಿನ ಮೇಲೆ ಒತ್ತಿ ಬಿಗಿದೆ. ಈಗ ವೈರಿನಿಂದ ವೈರಿಗೆ 0.2 ವೋಲ್ಟ್. ಫ್ಯಾನ್ ಇಪ್ಪತ್ತು ನಿಮಿಷ ತಿರುಗಿದರೂ ಬೆರಳು ಆರಾಮಾಗಿ ನಿಲ್ಲುತ್ತದೆ.

ಆಮೇಲೆ ಹಳೆಯ ರಿಲೇಯನ್ನು ಹುಡುಕಿ ತೆಗೆದೆ. ಅದರ 87ರ ಕಾಲು ಮಾತ್ರ ಕಪ್ಪಾಗಿದೆ. ಕಿತ್ತ ದಿನವೇ ಇದನ್ನು ನೋಡಿದ್ದೆ, ಹಳೇದಲ್ವಾ ಎಂದು ಪಕ್ಕಕ್ಕಿಟ್ಟಿದ್ದೆ!

30ರ ಕ್ಲಿಪ್ಪೂ ಸ್ವಲ್ಪ ಸಡಿಲ ಅನಿಸಿತು. ಅಷ್ಟರಲ್ಲಿ ಕತ್ತಲಾಯಿತು. ಅದು ಮುಂದಿನ ಭಾನುವಾರ.