ಕಂಬಿ ಬಿಡಿ, ಸೀಟಿನ ಮೇಲೆ ಕೂರಿ

ಯೂನಿಸೈಕಲ್, ಅಂದರೆ ಒಂದೇ ಗಾಲಿಯ ಸೈಕಲ್, ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, "ಪಕ್ಕಕ್ಕೆ ಬೀಳಲ್ವಾ?" ಅಂತ. ಶುರುವಿನಲ್ಲಿ ಬೀಳುವುದು ಜಾಸ್ತಿ ಮುಂದಕ್ಕೆ, ಇಲ್ಲವೇ ಹಿಂದಕ್ಕೆ. ಮಾಮೂಲಿ ಸೈಕಲ್‌ನಲ್ಲಿ ಮುಂದೊಂದು ಹಿಂದೊಂದು ಗಾಲಿ ಇರುತ್ತದೆ, ಹಾಗಾಗಿ ಆ ದಿಕ್ಕಿನ ಚಿಂತೆ ನಮಗಿರುವುದಿಲ್ಲ. ಇಲ್ಲಿ ಅದೂ ನಮ್ಮದೇ ಕೆಲಸ. ಚಿಕ್ಕವರಿದ್ದಾಗ ಅಂಗೈ ಮೇಲೆ ಪೊರಕೆ ನಿಲ್ಲಿಸಿ ಆಡಿದ್ದೀರಲ್ವಾ? ಪೊರಕೆ ವಾಲಿದ ಕಡೆಗೆ ಕೈ ಓಡುತ್ತಿತ್ತು. ಇಲ್ಲೂ ಹಾಗೇ, ಮೈ ಮುಂದೆ ವಾಲಿದರೆ ಜೋರಾಗಿ ತುಳಿದು ಗಾಲಿಯನ್ನು ಮೈ ಕೆಳಗೆ ತಂದುಕೊಳ್ಳಬೇಕು, ಹಿಂದೆ ವಾಲಿದರೆ ಪೆಡಲ್ ತಡೆದು ನಿಧಾನ ಮಾಡಬೇಕು.

ನಾನು ಕಲಿಯುತ್ತಿರುವುದು ಪುಣೆಯ ಕೋಥ್ರೂಡ್‌ನಲ್ಲಿ, ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ, ಸ್ಕೂಟರ್‌ಗಳೆಲ್ಲ ಆಫೀಸಿಗೆ ಹೋದ ಮೇಲೆ. ಪಕ್ಕದಲ್ಲೇ ಉದ್ದಕ್ಕೆ ಕಬ್ಬಿಣದ ಕಂಬಿ ಇದೆ. ಮಕ್ಕಳು "ಕಾಕೂ, ಸರ್ಕಸ್ ಸೈಕಲ್!" ಎಂದು ಹಿಂದೆ ಓಡುತ್ತಾರೆ. ಮೊದಲನೇ ಮಹಡಿಯ ಧಾರವಾಡದ ಅಜ್ಜಿ ಗ್ಯಾಲರಿಯಿಂದ ಕೂಗುತ್ತಾರೆ, "ಯವ್ವಾ, ಕಂಬಿ ಬಿಡಬ್ಯಾಡ, ಬಿದ್ದಗಿದ್ದೀ!" ಅಜ್ಜಿಯ ಕಾಳಜಿ ದೊಡ್ಡದು. ಆದರೂ ನಾನು ಹೇಳುವುದು ಕಂಬಿಯನ್ನು ಬೇಗ ಬಿಡಬೇಕು ಅಂತಲೇ.

ಯಾಕೆ ಅಂದರೆ, ಕಂಬಿ ಹಿಡಿದಾಗ ಭಾರದಲ್ಲಿ ಒಂದು ಪಾಲು ಕೈಗೆ ಹೋಗುತ್ತದೆ, ಉಳಿದದ್ದು ಕಾಲಿಗೆ. ಸೀಟಿನ ಮೇಲೆ ಏನೂ ಇರುವುದಿಲ್ಲ. ಪೆಡಲ್ ಮೇಲೆ ನಿಂತಂತೆ ಹೋಗುತ್ತೇವೆ, ಐದು ನಿಮಿಷಕ್ಕೇ ತೊಡೆ ಉರಿಯುತ್ತದೆ, ಕೆಳಗಿನ ಪೆಡಲನ್ನು ಒತ್ತಿ ಹಿಡಿದಿರುವುದರಿಂದ ಗಾಲಿ ಮುಂದೆ ತಿರುಗುವುದಕ್ಕೇ ಒಪ್ಪುವುದಿಲ್ಲ. ಪೂರ್ತಿ ಭಾರ ಸೀಟಿಗೆ ಬಿಟ್ಟು ಕೂತರೆ ಕಾಲು ಹಗುರಾಗುತ್ತದೆ. ಆಗ ಗಾಲಿ ಹೇಳಿದ ಮಾತು ಕೇಳುತ್ತದೆ. ಈ ಒಂದು ಬದಲಾವಣೆ ಆದ ದಿನವೇ ನನಗೆ ಸವಾರಿ ಅಂದರೆ ಏನೆಂದು ಮೈಗೆ ಗೊತ್ತಾಯಿತು.

ಇದರಲ್ಲಿ ಚೈನ್ ಇಲ್ಲ, ತುಳಿಯದಿದ್ದರೂ ಗಾಲಿ ತಿರುಗಲು ಬಿಡುವ ಫ್ರೀವೀಲ್ ಇಲ್ಲ. ಕ್ರ್ಯಾಂಕ್, ಅಂದರೆ ಪೆಡಲ್ ಸೇರಿಸಿರುವ ತೋಳು, ನೇರ ಗಾಲಿಯ ನಡುವಿನ ಆಕ್ಸಲ್‌ಗೇ ಕೂತಿರುತ್ತದೆ. ಕಾಲು ನಿಂತರೆ ಗಾಲಿಯೂ ನಿಲ್ಲುತ್ತದೆ, ಸುಮ್ನೆ ಕೂತು ಉರುಳಿಕೊಂಡು ಹೋಗೋಣ ಅಂದರೆ ಆಗುವುದಿಲ್ಲ. ಇಲ್ಲಿ ಎಲ್ಲರೂ ಸಿಕ್ಕಿಬೀಳುವ ಜಾಗ ಒಂದಿದೆ: ಒಂದು ಪೆಡಲ್ ತೀರಾ ಮೇಲೆ, ಇನ್ನೊಂದು ತೀರಾ ಕೆಳಗೆ ಇರುವಾಗ ಎಷ್ಟು ಒತ್ತಿದರೂ ಗಾಲಿಗೆ ತಳ್ಳು ಸಿಗುವುದಿಲ್ಲ. ವೇಗದಲ್ಲೇ ಅದನ್ನು ದಾಟಬೇಕು. ಅದಕ್ಕೆ ಎರಡೂ ಪೆಡಲ್ ಸಮಕ್ಕಿಟ್ಟು ಶುರು ಮಾಡಿ, ಅರ್ಧ ಸುತ್ತು ತುಳಿದು, ಮತ್ತೆ ಸಮಕ್ಕೆ ಬಂದಾಗ ನಿಲ್ಲಿ. ನನ್ನದು 20 ಇಂಚಿನ ಗಾಲಿ, ಕಲಿಯುವವರಿಗೆ ಸಾಮಾನ್ಯವಾಗಿ ಹೇಳುವ ಅಳತೆ. ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್. ಅಂದರೆ ಅರ್ಧ ಸುತ್ತಿಗೆ ಒಂದು ಹೆಜ್ಜೆಯಷ್ಟು ದೂರ, ಅಷ್ಟೇ. ಅದು ಪಳಗಿದರೆ ಒಂದು ಪೂರ್ತಿ ಸುತ್ತು, ಆಮೇಲೆ ಎರಡು. ಕಣ್ಣು ಮಾತ್ರ ದೂರದ ಗೋಡೆ ಮೇಲಿರಲಿ, ಗಾಲಿ ನೋಡಿದರೆ ತಲೆ ಬಾಗಿ ಮೈಯೇ ಮುಂದೆ ಬರುತ್ತದೆ.

ಕೊಳ್ಳುವವರು ಪೆಡಲ್ ನೋಡಿಕೊಳ್ಳಿ. ಎಡಗಡೆಯ ಪೆಡಲಿಗೆ ಉಲ್ಟಾ ಥ್ರೆಡ್ ಇರುತ್ತದೆ, ಅಂದರೆ ಅದರ ತಿರುಪು ಉಲ್ಟಾ ದಿಕ್ಕಿಗೆ ಬಿಗಿಯಾಗುತ್ತದೆ. ಎಲ್, ಆರ್ ಎಂದು ಅದರ ತುದಿಯಲ್ಲಿ ಕೊರೆದಿರುತ್ತಾರೆ. ಸೀಟನ್ನು ಹಿಂದುಮುಂದಾಗಿ ಕೂರಿಸಿ ಓಡಿಸಿದರೆ ಎಡ ಬಲ ಅದಲುಬದಲಾಗಿ ಪೆಡಲ್ ತಾನಾಗೇ ಬಿಚ್ಚಿಕೊಳ್ಳುತ್ತದೆ, ಥ್ರೆಡ್ಡೂ ಹಾಳು. ಸೀಟಿನ ಎತ್ತರ, ಪಕ್ಕದಲ್ಲಿ ನಿಂತರೆ ಹೆಚ್ಚುಕಡಿಮೆ ಹೊಕ್ಕುಳ ಮಟ್ಟಕ್ಕಿರಲಿ.

ಬೀಳುವ ಭಯ ನಿಜ, ಆದರೆ ಮುಂದೆ ಹ್ಯಾಂಡಲ್ ಇಲ್ಲ, ಹಾಗಾಗಿ ಹೆಚ್ಚಿನ ಸಲ ಕಾಲಮೇಲೇ ಇಳಿಯುತ್ತೇವೆ, ಸೈಕಲ್ ಹಿಂದೆ ಬೀಳುತ್ತದೆ. ಮಣಿಕಟ್ಟಿನ ಗಾರ್ಡ್ ಮತ್ತು ಮೊಣಕಾಲಿನ ಪ್ಯಾಡ್ ತಪ್ಪದೆ ಹಾಕಿ. ಓಢಣಿ, ಸಡಿಲ ಪೈಜಾಮ ಬೇಡವೇ ಬೇಡ. ಶೂ ಲೇಸ್ ಒಳಗೆ ಸಿಕ್ಕಿಸಿ, ಕ್ರ್ಯಾಂಕಿಗೆ ಸುತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಒದ್ದೆ ಟೈಲ್ಸ್ ಮೇಲಂತೂ ಹೋಗಲೇಬೇಡಿ.

"ಇದರಿಂದ ಏನು ಉಪಯೋಗ?" ಎಂದು ಮನೆಗೆ ಬಂದವರು ಕೇಳುತ್ತಾರೆ. ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಬಿಡುವಿನಲ್ಲಿ ಇದನ್ನೇ ಓಡಿಸುತ್ತಾರೆ. ಇಂಗ್ಲೆಂಡಿನ ಎಡ್ ಪ್ರ್ಯಾಟ್ ಎಂಬ ಹುಡುಗ 2015ರಲ್ಲಿ ಹೊರಟು 2018ರಲ್ಲಿ ಮನೆ ಸೇರಿದ, ಪ್ರಪಂಚವನ್ನೇ ಒಂದು ಗಾಲಿಯ ಮೇಲೆ ಸುತ್ತಿ. ನನಗೆ ಅಷ್ಟು ದೂರ ಬೇಡ. ಗೇಟಿನವರೆಗೆ ಕೈ ಬೀಸಿಕೊಂಡು ಹೋಗುವ ಖುಷಿಯೇ ಸಾಕಷ್ಟು ದೊಡ್ಡದು.

ಈಗ ಕಲಿಯುತ್ತಿರುವುದು ಆಸರೆಯಿಲ್ಲದೆ ಹತ್ತುವುದನ್ನು. ಸೈಕಲ್ ಹಿಂದೆ ನಿಂತಾಗ ನಮ್ಮ ಕಡೆಗಿರುವ ಪೆಡಲ್ ಸ್ವಲ್ಪ ಕೆಳಗಿರಬೇಕು, ಎಡಗಡೆಯಿಂದ ನೋಡಿದರೆ ಗಡಿಯಾರದ ನಾಲ್ಕರ ಹತ್ತಿರ. ಅದರ ಮೇಲೆ ಕಾಲಿಡಬೇಕು, ಭಾರ ಹಾಕಬಾರದು, ಹಾಕಿದರೆ ಗಾಲಿ ಹಿಂದಕ್ಕೆ ಬಂದುಬಿಡುತ್ತದೆ. ಇಲ್ಲೂ ಭಾರ ಸೀಟಿಗೇ. ಕೋಥ್ರೂಡ್ ಕಡೆ ಯಾರಿಗಾದರೂ ಒಮ್ಮೆ ಹತ್ತಿ ನೋಡಬೇಕು ಅನ್ನಿಸಿದರೆ ಹೇಳಿ, ಸೀಟು ಏರಿಸಿ ಇಳಿಸಿ ಕೊಡುತ್ತೇನೆ, ಗಾರ್ಡ್‌ಗಳೂ ನನ್ನ ಹತ್ತಿರ ಇವೆ.